ಅಧ್ಯಕ್ಷೆ ಎಲ್ಲಿ ಹುಟ್ಟಿರಬೇಕು?

ಆಚಾರಮ್ಮ ಹೋದ ಸುದ್ದಿ ಬಂದಾಗ ನಾನು ಮೊಮ್ಮಗಳ ಪಕ್ಕ ಕೂತು ಫೋನಿನಲ್ಲಿ ಒತ್ತಕ್ಷರ ಹಾಕುವುದು ಕಲಿಯುತ್ತಿದ್ದೆ. ಒಂದಕ್ಷರ ಒತ್ತಿದರೆ ಇನ್ನೊಂದು ಬರುತ್ತದೆ, ಇನ್ನೊಂದು ಒತ್ತಿದರೆ ಯಾರಿಗೋ ಫೋನೇ ಹೋಗುತ್ತದೆ. ಕಲಿತ ಮೇಲೆ ಮೊದಲು ಏನು ಬರೆಯುತ್ತೀಯಜ್ಜಿ ಎಂದು ಅವಳು ಕೇಳಿದ್ದಳು. ನನ್ನ ನಾದಿನಿಯರ ಬಗ್ಗೆ ಬರೆಯುವ ಆಸೆಯಿತ್ತು. ಆದರೆ ಅವರಿನ್ನೂ ಬದುಕಿದ್ದಾರೆ, ಕಣ್ಣೂ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಆಚಾರಮ್ಮನಿಂದ ಶುರು ಮಾಡುತ್ತೇನೆ.

ಅವಳ ಹೆಸರು ಮಾತ್ರ ಬರೆಯುವುದಿಲ್ಲ. ಅವಳಿಗೆ ಅದು ಇಷ್ಟವಿರಲಿಲ್ಲ. ಹಿಂದೊಮ್ಮೆ ಯಾವುದೋ ಸಂಘದವರು ಹೆಸರು ಬರೆದುಕೊಳ್ಳಲು ಬಂದಾಗ, “ನನ್ ಎಸ್ರು ಬರ್ಕೊಂಡೋರೆಲ್ಲ ನನ್ನ ಒಂದೊಂದ್ ದೇಶಕ್ಕೆ ಕಳ್ಸವ್ರೆ ಕಣಪ್ಪ. ಈಗ ಇಲ್ಲಿ ಸುಮ್ಕೆ ಅವ್ನಿ, ಬುಟ್ಬುಡಿ” ಎಂದು ಕೈಮುಗಿದಿದ್ದಳು. ಗಂಡ ಕುಲುಮೆಯ ಆಚಾರಿ, ಆದ್ದರಿಂದ ಊರಿಗೆ ಅವಳು ಆಚಾರಮ್ಮ. ಬೆನ್ನ ಹಿಂದೆ ಸಿಲೋನಮ್ಮ.

ನಮ್ಮೂರು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಹೇಮಾವತಿ ಹೊಳೆಗೆ ಹತ್ತಿರ. ಊರಲ್ಲಿ ಕೆಲಸ ಕಡಿಮೆಯಾದ ಒಂದು ವರ್ಷ ಆಚಾರಿ ಸುಳ್ಯದ ಕಡೆಯ ರಬ್ಬರು ತೋಟಕ್ಕೆ ಕತ್ತಿ ಹದ ಮಾಡಲು ಹೋದ. ಸಿಲೋನಿನಿಂದ ವಾಪಸು ಕಳಿಸಿದ ತಮಿಳು ಕೂಲಿಯವರನ್ನು ಸರಕಾರ ಆ ತೋಟಗಳಲ್ಲಿ ಕೆಲಸಕ್ಕಿಟ್ಟಿತ್ತು. ಮಗ ದುಡಿದು ತರುತ್ತಾನೆಂದು ತಾಯಿ ಕಾಯುತ್ತಿದ್ದರೆ ಅವನು ಹೆಂಡತಿಯನ್ನು ಕರೆದುಕೊಂಡು ಬಂದ. ಆ ಮುದುಕಿ ಹೊಸಿಲಲ್ಲಿ ನಿಂತ ಸೊಸೆಯನ್ನು ಮೇಲಿಂದ ಕೆಳಗೆ ನೋಡಿ, “ಕತ್ತಿ ಅದ ಮಾಡಕ್ ಓದೋನು ಕತ್ತೀನೇ ತಂದವ್ನೆ” ಅಂದಿತು. ಮುದುಕಿಯ ಬಾಯಿ ಕೆಟ್ಟದ್ದು, ಕಣ್ಣು ಒಳ್ಳೆಯದು.

ಅವಳನ್ನು ನಾನು ಮೊದಲು ಸರಿಯಾಗಿ ನೋಡಿದ್ದು ಹುಣಸೆ ಚಿಗುರು ಬಿಡಿಸುವಾಗ. ನಾವು ಹೆಂಗಸರು ಒಂದು ಕೈಯಲ್ಲಿ ಕೊಂಬೆ ಬಗ್ಗಿಸಿ ಇನ್ನೊಂದು ಕೈಯಲ್ಲಿ ಒಂದೊಂದೇ ಚಿಗುರು ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದೆವು. ಅವಳು ಎರಡೂ ಕೈ ಬಿಟ್ಟು, ಕೋಳಿ ಕಾಳು ಹೆಕ್ಕಿದಷ್ಟು ಬೇಗ ಬಿಡಿಸಿ, ಹಿಡಿ ತುಂಬಿದೊಡನೆ ಹೆಗಲ ಮೇಲಿಂದ ಹಿಂದಕ್ಕೆ ಎಸೆಯುತ್ತಿದ್ದಳು. ಚಿಕ್ಕಂದಿನಿಂದ ಟೀ ಎಲೆ ಕಿತ್ತ ಕೈ, ಬೆನ್ನಿಗೆ ಬುಟ್ಟಿ ಇದೆಯೆಂದೇ ಅದರ ಲೆಕ್ಕ. ಬೆನ್ನಿಗೆ ಬುಟ್ಟಿಯಿರಲಿಲ್ಲ. ಹಿಂದೆ ನಮ್ಮನೆ ಮೇಕೆ ಬರುತ್ತಿತ್ತು. ಆ ದಿನ ಅತ್ಯಂತ ಹೆಚ್ಚು ಚಿಗುರು ಬಿಡಿಸಿದವಳು ಅವಳೇ, ಬರಿಗೈಯಲ್ಲಿ ಮನೆಗೆ ಹೋದವಳೂ ಅವಳೇ. ನಾವೆಲ್ಲ ನಕ್ಕೆವು. ಅವಳು ಮೇಕೆಯ ಹೊಟ್ಟೆ ತಟ್ಟಿ ನೋಡಿ ತಾನೂ ನಕ್ಕಳು. ನಾವು ಸ್ನೇಹಿತೆಯರಾದದ್ದು ಅಲ್ಲಿಂದ.

ನಡೆಯುವಾಗ ಅವಳು ಮುಂದಕ್ಕೆ ಬಾಗಿ ನಡೆಯುತ್ತಿದ್ದಳು, ಸಮತಟ್ಟಾದ ಗದ್ದೆ ಬದುವಿನಲ್ಲೂ ಗುಡ್ಡ ಹತ್ತುವವಳ ಹಾಗೆ. ನಾವು ಮಾಡುವ ಟೀ ಅವಳಿಗೆ ಸೇರುತ್ತಿರಲಿಲ್ಲ, ಬೆಲ್ಲದ ಗಂಜಿ ಎನ್ನುತ್ತಿದ್ದಳು. ಕನ್ನಡದಲ್ಲಿ ಮೊದಲು ಕಲಿತದ್ದು ಬೈಗುಳ, ಅತ್ತೆ ಅವಳೊಡನೆ ಬೇರೇನೂ ಮಾತಾಡುತ್ತಿರಲಿಲ್ಲವಲ್ಲ. ಹೀಗಾಗಿ “ಉಪ್ಪು ಕೊಡಿ” ಎನ್ನಲು ತಡವರಿಸುತ್ತಿದ್ದವಳು ಜಗಳಕ್ಕೆ ನಿಂತರೆ ಒಂದು ತಪ್ಪೂ ಮಾಡುತ್ತಿರಲಿಲ್ಲ.

ಅವಳಿಗೆ ಕಷ್ಟವೆನಿಸುತ್ತಿದ್ದದ್ದು ಒಂದೇ ಪ್ರಶ್ನೆ. ನಮ್ಮ ಕಡೆ ಹೊಸಬರನ್ನು ಕಂಡರೆ ಊಟವಾಯಿತೇ ಎನ್ನುವುದಕ್ಕೂ ಮೊದಲು ಯಾವೂರು ಎಂದು ಕೇಳುತ್ತೇವೆ. ಮದುವೆಯಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ಯಾರಾದರೂ ಕೇಳಿದರೆ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಬೇರೆ ಮಾತು ತೆಗೆಯುತ್ತಿದ್ದಳು. ಕಾರಣ ನನಗೆ ಹೇಳಿದ್ದು ಹೊಳೆಯಲ್ಲಿ ಕಂಬಳಿ ಒಗೆಯುವಾಗ.

ಅವಳಪ್ಪ ಹುಟ್ಟಿದ್ದೂ ಸಿಲೋನಿನ ಟೀ ತೋಟದಲ್ಲಂತೆ. ಒಮ್ಮೆ ಓಟನ್ನೂ ಹಾಕಿದ್ದನಂತೆ. ಆಮೇಲೆ ಅಲ್ಲಿನ ಸರಕಾರ ಕಾನೂನು ಮಾಡಿ, ನೀವು ನಮ್ಮ ದೇಶದ ಪ್ರಜೆಗಳಲ್ಲ ಎಂದಿತು. ಎಷ್ಟೋ ವರ್ಷ ಅವರು ಯಾವ ದೇಶಕ್ಕೂ ಸೇರದೆ ಎಲೆ ಕೀಳುತ್ತ ಇದ್ದರು. ಕೊನೆಗೆ ಎರಡು ಸರಕಾರಗಳು ಎದುರುಬದುರು ಕೂತು, ಇಷ್ಟು ಜನ ನಿಮಗೆ ಇಷ್ಟು ಜನ ನಮಗೆ ಎಂದು ಹಂಚಿಕೊಂಡವು. ಇವಳ ಮನೆಯವರು ಇಂಡಿಯಾದ ಪಾಲಿಗೆ ಬಂದರು. ಹಡಗಿನಿಂದ ಇಳಿದಾಗ ಅಪ್ಪ ನೆಲ ಮುಟ್ಟಿ ನಮಸ್ಕಾರ ಮಾಡಿದನಂತೆ. ರೈಲು ಹತ್ತಿದೊಡನೆ ಪಕ್ಕದಲ್ಲಿ ಕೂತವನು ಕೇಳಿದನಂತೆ, ನೀವು ಸಿಲೋನಿನವರಾ ಎಂದು. “ಅಲ್ಲಿ ಇಂಡಿಯಾದೋರು ಅಂದ್ರು, ಇಲ್ಲಿ ಸಿಲೋನಿನೋರು ಅಂದ್ರು. ನಮ್ಮಪ್ಪ ಸಾಯೋಗಂಟ ಒಬ್ರೂ ನಮ್ಮೋನು ಅನ್ನನಿಲ್ಲ ಅಕ್ಕಯ್ಯ” ಎಂದು ಹೇಳಿ ಅವಳು ಕಂಬಳಿಯನ್ನು ಕಲ್ಲಿಗೆ ಬಡಿದ ರೀತಿಗೆ ನನ್ನ ಸೀರೆಯೆಲ್ಲ ನೆನೆಯಿತು.

ತೊಂಬತ್ತರ ದಶಕದಲ್ಲಿ ಪಂಚಾಯ್ತಿಗಳಲ್ಲಿ ಹೆಂಗಸರಿಗೆ ಮೀಸಲು ಬಂತು. ನನ್ನನ್ನು ನಿಲ್ಲಿಸಿದ್ದು ನಮ್ಮ ಯಜಮಾನರು, ಬೇರೆ ಯಾರೂ ಸಿಗಲಿಲ್ಲವೆಂದು. ದೊಡ್ಡಮನೆ ಗೌಡರು ತಮ್ಮ ಕಿರಿ ಸೊಸೆಯನ್ನು ನಿಲ್ಲಿಸಿದರು. ಆಚಾರಮ್ಮನನ್ನು ಯಾರೂ ನಿಲ್ಲಿಸಲಿಲ್ಲ, ಅವಳೇ ನಿಂತಳು. ಅವಳಿದ್ದ ಮೇಲ್ಗೇರಿಗೆ ನಲ್ಲಿ ಇರಲಿಲ್ಲ. ಕೆಳಗೇರಿಯಿಂದ ಕೊಡ ಹೊತ್ತು ಹತ್ತುವಾಗಲೆಲ್ಲ ಅವಳು ಪಂಚಾಯ್ತಿಯನ್ನು ಅತ್ತೆಯಿಂದ ಕಲಿತ ಕನ್ನಡದಲ್ಲಿ ವಿಚಾರಿಸಿಕೊಳ್ಳುತ್ತಿದ್ದಳು. ಬೈದು ಬೈದು ಸಾಕಾಗಿ ಒಳಗೇ ಹೋಗಿ ನೋಡುತ್ತೇನೆ ಎಂದು ಹೊರಟಳು.

ನಾಮಪತ್ರ ಹಾಕಿದ ದಿನವೇ ತಕರಾರು ಬಂತು. ಈಕೆ ಸಿಲೋನಿನಲ್ಲಿ ಹುಟ್ಟಿದವಳು, ಹೇಗೆ ನಿಲ್ಲುತ್ತಾಳೆ ಎಂದು ಯಾರೋ ಬರೆದುಕೊಟ್ಟಿದ್ದರು. ಚುನಾವಣೆಗೆಂದು ಬಂದಿದ್ದ ಅಧಿಕಾರಿ ತಣ್ಣನೆಯ ಮನುಷ್ಯ. ಅವರು ಎಲ್ಲರನ್ನೂ ಕೂರಿಸಿ ಹೇಳಿದರು. ಈಕೆ ಈ ದೇಶದ ಪ್ರಜೆ, ಈ ಊರಿನ ಮತದಾರಳು. ನಮ್ಮಲ್ಲಿ ದೇಶದ ರಾಷ್ಟ್ರಪತಿಯಾಗುವವರಿಗೂ ಕಾನೂನು ಈ ದೇಶದ ಪ್ರಜೆಯೇ ಎಂದು ಕೇಳುತ್ತದೆ, ಎಲ್ಲಿ ಹುಟ್ಟಿದಿರಿ ಎಂದು ಕೇಳುವುದಿಲ್ಲ. ಅಷ್ಟು ದೊಡ್ಡ ಕುರ್ಚಿಗೆ ಬೇಡವಾದದ್ದು ನಿಮ್ಮ ಪಂಚಾಯ್ತಿಗೆ ಬೇಕೇನ್ರೀ ಎಂದು ಕೇಳಿದರು. ತಕರಾರು ಬಿದ್ದುಹೋಯಿತು. ಅವಳು ಗೆದ್ದಳು, ನಾನೂ ಗೆದ್ದೆ, ಗೌಡರ ಸೊಸೆಯೂ ಗೆದ್ದಳು, ಪಕ್ಕದ ಪಾಳ್ಯದ ಇನ್ನೊಬ್ಬಾಕೆಯೂ ಗೆದ್ದಳು.

ಆಮೇಲೆ ಗೊತ್ತಾಯಿತು, ಅಧ್ಯಕ್ಷ ಸ್ಥಾನವೇ ಹೆಂಗಸರಿಗೆ ಮೀಸಲು. ಅಂದರೆ ನಾವು ನಾಲ್ವರಲ್ಲೇ ಒಬ್ಬರು. ಪಾಳ್ಯದಾಕೆ ಒಲ್ಲೆ ಅಂದಳು, ನನಗಂತೂ ನನ್ನ ಅಡುಗೆಮನೆಯ ಅಧ್ಯಕ್ಷಗಿರಿಯೇ ಸಾಕಾಗಿತ್ತು. ಉಳಿದವರು ಇಬ್ಬರು. ಆಚಾರಮ್ಮ ಕೇಳಿದ ಕೂಡಲೇ ಹೂಂ ಅಂದಳು. ಗೌಡರ ಸೊಸೆಯನ್ನು ಯಾರೂ ಕೇಳಲಿಲ್ಲ, ಅವಳ ಪರವಾಗಿ ಮಾವನೇ ಹೂಂ ಅಂದರು.

ಅಧಿಕಾರಿ ಬಂದು ಆಯ್ಕೆ ನಡೆಸುವ ಮೊದಲೇ ಅರಳಿಕಟ್ಟೆಯಲ್ಲಿ ಊರು ಸೇರಿಸಿ ತೀರ್ಮಾನ ಮಾಡುವುದು ನಮ್ಮಲ್ಲಿ ರೂಢಿ. ಕಟ್ಟೆಯ ಮೇಲೆ ಗಂಡಸರು, ಕೆಳಗೆ ಬೇಲಿ ಪಕ್ಕ ನಾವು. ಕಟ್ಟೆಯ ತೀರ್ಮಾನಕ್ಕೆ ಒಂದು ಕಟ್ಟುಪಾಡಿತ್ತು. ಹಿರಿಯರು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಮಾತು ಹೇಳುತ್ತಾರೆ, ಸೇರಿದವರು ಒಂದೊಂದು ಎಲೆ ತೆಗೆದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ಎಲೆ ಅಗಿದ ಮೇಲೆ ಆ ಮಾತು ವಾಪಸಿಲ್ಲ. ಎಲೆ ಮೇಲಿನ ಮಾತು ಮುರಿದವನ ಮನೆಗೆ ಮದುವೆಗೂ ಹೋಗುವುದಿಲ್ಲ, ಸಾವಿಗೂ ಹೋಗುವುದಿಲ್ಲ.

ಗೌಡರು ಕೆಟ್ಟವರಲ್ಲ. ಊರಿನಲ್ಲಿ ಯಾರ ಮನೆ ಒಲೆ ಉರಿಯದಿದ್ದರೂ ಅವರಿಗೆ ಗೊತ್ತಾಗುತ್ತಿತ್ತು, ರಾಗಿ ಹೋಗುತ್ತಿತ್ತು. ಆದರೆ ಊರೆಂದರೆ ತಮ್ಮ ಹಟ್ಟಿ ಎಂದುಕೊಂಡಿದ್ದರು. ಅವರ ಪಕ್ಕದಲ್ಲಿ ಪೇಪರು ಓದುವ ನಮ್ಮೂರ ರಿಟೈರ್ಡ್ ಮೇಷ್ಟ್ರು. ಮೇಷ್ಟ್ರು ಎದ್ದು, ಅಮೇರಿಕಾದಲ್ಲಿ ಆ ದೇಶದಲ್ಲೇ ಹುಟ್ಟಿದವರು ಮಾತ್ರ ಅಧ್ಯಕ್ಷರಾಗಬೇಕೆಂದು ಕಾನೂನೇ ಇದೆ, ಹೊರಗೆ ಹುಟ್ಟಿ ಬಂದು ಪ್ರಜೆಯಾದವರಿಗೆ ಆ ಕುರ್ಚಿ ಇಲ್ಲ, ದೊಡ್ಡ ದೇಶದವರು ಸುಮ್ಮನೆ ಮಾಡಿರುತ್ತಾರಾ ಎಂದು ವಿವರಿಸಿದರು. ಕಟ್ಟೆ ಹತ್ತದೆ ಕೆಳಗೇ ನಿಂತಿದ್ದ ಆಚಾರಿ, “ಇದು ಅಮೇರಿಕಾ ಅಲ್ಲ ಕಣಯ್ಯ ಮೇಷ್ಟ್ರೇ, ಕಿಕ್ಕೇರಿ ಪಕ್ಕ” ಅಂದ. ಜನ ನಕ್ಕರು. ಗೌಡರಿಗೆ ನಗು ಹಿಡಿಸಲಿಲ್ಲ. ತಟ್ಟೆ ತರಿಸಿ ಎಲೆ ಅಡಿಕೆ ಇಟ್ಟು ಹೇಳಿಯೇಬಿಟ್ಟರು.

“ಈ ಪಂಚಾಯ್ತಿಗೆ ಈ ಊರಲ್ಲಿ ಉಟ್ಟಿದೋರೇ ಅಧ್ಯಕ್ಷರಾಗ್ಬೇಕು. ಇದು ಊರಿನ ಮಾತು.”

ಕಟ್ಟೆಯ ಮೇಲಿನ ಗಂಡಸರೆಲ್ಲ ಎಲೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ನಮ್ಮ ಯಜಮಾನರೂ ಹಾಕಿಕೊಂಡರು, ಅವರಿಗೆ ಸುಣ್ಣ ಜಾಸ್ತಿ ಬೇಕು, ಅದನ್ನೂ ಕೇಳಿ ತೆಗೆದುಕೊಂಡರು. ನಾನು ಆಚಾರಮ್ಮನ ಮುಖ ನೋಡಿದೆ. ಸೆರಗಿನ ತುದಿ ಬೆರಳಿಗೆ ಸುತ್ತಿತ್ತು. ಹೊಳೆಯಲ್ಲಿ ಹೇಳಿದ ಅಪ್ಪನ ಕತೆ ನನಗೆ ನೆನಪಾಯಿತು. ಅಲ್ಲಿಂದ ಓಡಿಸಿದರು, ಇಲ್ಲಿಯೂ ಬೇಡವೆಂದರೆ ಇವಳಿಗೆ ಹೋಗಲು ಮೂರನೆಯ ದೇಶವೆಲ್ಲಿದೆ?

ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. ಗಂಡಸರು ಬಾಯ್ತುಂಬ ಎಲೆ ತುಂಬಿಕೊಂಡು ಮಾತಾಡಲಾಗದೆ ಕೂತಿದ್ದಾಗ, ಪಕ್ಕದಲ್ಲಿದ್ದ ನಮ್ಮನ್ನು ಒಬ್ಬೊಬ್ಬರನ್ನಾಗಿ ಕೇಳಿದಳು. ಕಟ್ಟೆಗೆ ಕೇಳುವಷ್ಟು ಗಟ್ಟಿಯಾಗಿಯೇ ಕೇಳಿದಳು.

“ಅಕ್ಕಯ್ಯ, ನೀನುಟ್ಟಿದ್ದು ಯಾವೂರು?”

“ಪಾಂಡುಪುರ” ಅಂದೆ. ನಮ್ಮ ತವರು ಪಾಂಡವಪುರದ ಸಕ್ಕರೆ ಕಾರ್ಖಾನೆ ಹತ್ತಿರ.

ಪಾಳ್ಯದಾಕೆಯನ್ನು ಕೇಳಿದಳು. ಅವಳು ಶ್ರೀರಂಗಪಟ್ಟಣದವಳು, “ಪಟ್ಣ” ಅಂದಳು. ಗೌಡರ ಸೊಸೆಯ ಕಡೆ ತಿರುಗಿದಳು. ಆ ಹುಡುಗಿ ಮಾವನ ಎದುರು ಒಂದು ದಿನ ದನಿ ತೆಗೆದವಳಲ್ಲ. ತಲೆ ಬಗ್ಗಿಸಿಕೊಂಡು, “ನಾಗಮಂಗಲ” ಅಂದಳು.

“ಅಂಗಾರೆ ಎಲ್ರೂ ನೀರು ದಾಟ್ಕೊಂಡ್ ಬಂದೋರೇ. ನಿಮ್ಗೆ ಒಳೆ ಕಾಲುವೆ, ನಂಗೆ ವಸಿ ಜಾಸ್ತಿ ನೀರು” ಎಂದು ಹೇಳಿ ಆಚಾರಮ್ಮ ಮನೆಗೆ ಹೊರಟಳು.

ಕಟ್ಟೆಯ ಮೇಲೆ ಅಗಿಯುವುದು ನಿಂತಿತು.

ನಮ್ಮೂರಿನ ಗೌಡರ ಮನೆಗಳೆಲ್ಲ ಒಂದೇ ಒಕ್ಕಲು, ಎಲ್ಲ ಗಂಡಸರೂ ಅಣ್ಣತಮ್ಮಂದಿರ ಲೆಕ್ಕ. ಊರೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಹುಟ್ಟಿದ ಹೆಣ್ಣುಮಕ್ಕಳೆಲ್ಲ ಹೊರಗೆ ಹೋಗುತ್ತಾರೆ, ಇರುವ ಹೆಂಗಸರೆಲ್ಲ ಹೊರಗಿನಿಂದ ಬಂದವರು. ಕುರ್ಚಿಯೋ ಹೆಂಗಸರಿಗೆ ಮೀಸಲು. ಗೆದ್ದ ಹೆಂಗಸರಲ್ಲಿ ಊರಿನಲ್ಲಿ ಹುಟ್ಟಿದವರು ಒಬ್ಬರೂ ಇಲ್ಲ. ಗೌಡರು ಸಿಲೋನಮ್ಮನ ಮುಂದೆ ಬಾಗಿಲು ಹಾಕಲು ಹೋಗಿ ತಮ್ಮ ಸೊಸೆಯನ್ನೂ ಹೊರಗಿಟ್ಟೇ ಅಗುಳಿ ಹಾಕಿದ್ದರು. ಇಷ್ಟು ಜನ ಗಂಡಸರಿಗೆ ಇದು ಹೊಳೆಯದ್ದು ನನಗೆ ಆಶ್ಚರ್ಯವಲ್ಲ. ಮನೆಗೆ ಬಂದ ಹೆಂಗಸು ಎಲ್ಲಿಂದ ಬಂದಳೆಂದು ಅವರು ನೆನೆಸಿಕೊಳ್ಳುವುದು ತೌರಿನಿಂದ ಏನಾದರೂ ಬರಬೇಕಾದಾಗ ಮಾತ್ರ.

ಆ ಸಾಯಂಕಾಲ ಮುದ್ದೆ ಇಕ್ಕುವಾಗ ನಮ್ಮ ಯಜಮಾನರನ್ನು ಕೇಳಿದೆ, ನನ್ನನ್ನು ಇಷ್ಟು ವರ್ಷ ಈ ಊರಿನಲ್ಲಿ ಯಾವ ಲೆಕ್ಕದಲ್ಲಿ ಇಟ್ಟುಕೊಂಡಿದ್ದೀರಿ ಎಂದು. ಅವರು ಸಾರಿಗೆ ಉಪ್ಪು ಕಡಿಮೆ ಅಂದರು.

ಎರಡು ಮೂರು ದಿನ ಕಟ್ಟೆಯ ಮೇಲೆ ಬರೀ ಇದೇ. ಎಲೆ ಅಗಿದಾಗಿದೆ, ಮಾತು ತೆಗೆಯುವಂತಿಲ್ಲ. ಕುರ್ಚಿ ಖಾಲಿ ಬಿಟ್ಟರೆ ತಾಲ್ಲೂಕಿನಿಂದ ಯಾರೋ ಆಫೀಸರು ಬಂದು ಊರು ಆಳುತ್ತಾರೆ. ಮೇಷ್ಟ್ರೇ ಒಂದು ದಾರಿ ಹುಡುಕಿದರು. ನಮ್ಮ ಕಡೆ ತವರಿಲ್ಲದ ಹೆಂಗಸಿಗೆ ಯಾರಾದರೂ ಹಿರಿಯರು ಮಡಿಲಿಗೆ ಅಕ್ಕಿ, ಬೆಲ್ಲ, ಕಾಯಿ ತುಂಬಿ ಮಗಳು ಮಾಡಿಕೊಳ್ಳುವುದುಂಟು. ಅಲ್ಲಿಂದ ಅವಳು ಆ ಮನೆಯಲ್ಲೇ ಹುಟ್ಟಿದ ಲೆಕ್ಕ, ಗೌರಿ ಹಬ್ಬಕ್ಕೆ ಕರೆಯುತ್ತಾರೆ, ಬಾಣಂತನ ಮಾಡುತ್ತಾರೆ. ಹಾಗೆ ಗೌಡರ ಸೊಸೆಗೆ ಇಡೀ ಊರು ಸೇರಿ ಮಡಿಲು ತುಂಬಿ ಊರ ಮಗಳು ಮಾಡಿಕೊಂಡುಬಿಟ್ಟರೆ ಮಾತೂ ಉಳಿಯಿತು, ಕುರ್ಚಿಯೂ ಉಳಿಯಿತು. ಎಲ್ಲರೂ ತಲೆದೂಗಿದರು. ಗೌಡರ ಕಿರಿ ಮಗ ಮಾತ್ರ ಕೂತಲ್ಲೇ ಒದ್ದಾಡುತ್ತಿದ್ದ.

“ಅಪ್ಪೋ, ಅವ್ಳು ಊರ ಮಗ್ಳಾದ್ರೆ ನಂಗೆ ತಂಗಿ ಆಯ್ತಾಳಲ್ಲಪ್ಪ.”

ಆ ದಿನ ನಮ್ಮೂರು ನಕ್ಕ ನಗೆಗೆ ಅರಳಿಮರದ ಕಾಗೆಗಳೆಲ್ಲ ಎದ್ದು ಹೋದವು. ಮೂರು ಮಕ್ಕಳ ತಂದೆ ಪಾಪ, ಹೆಂಡತಿಯನ್ನು ಎಲ್ಲಿ ಕಳೆದುಕೊಳ್ಳುತ್ತೇನೋ ಎಂಬ ಭಯ ಅವನ ಮುಖದಲ್ಲಿತ್ತು. ನನ್ನನ್ನು ಮಗಳು ಮಾಡಿದರೂ ಅದೇ ಗತಿ, ಪಾಳ್ಯದಾಕೆಯದೂ ಅದೇ ಗತಿ, ನಮ್ಮ ಗಂಡಂದಿರೂ ಅದೇ ಒಕ್ಕಲು. ಆ ಒಕ್ಕಲಿಗೆ ಸೇರದ ಗಂಡನಿದ್ದವಳು ಒಬ್ಬಳೇ. ಯಾರನ್ನು ಹೊರಗಿಡಲು ಎಲೆ ಇಟ್ಟಿದ್ದರೋ ಅವಳೇ.

ಇಲ್ಲಿ ಗೌಡರ ದೊಡ್ಡತನ ಹೇಳಬೇಕು. ಸೊಸೆಯ ಕುರ್ಚಿಗಿಂತ ಅವರಿಗೆ ಆಡಿದ ಮಾತು ದೊಡ್ಡದಾಗಿತ್ತು. ಮಾರನೆಯ ಬೆಳಿಗ್ಗೆ ಮೊರದಲ್ಲಿ ಅಕ್ಕಿ, ಬೆಲ್ಲ, ಕಾಯಿ, ಕುಪ್ಪಸದ ಬಟ್ಟೆ ಇಡಿಸಿಕೊಂಡು, ಹತ್ತು ಜನ ಹಿರಿಯರೊಡನೆ ಮೇಲ್ಗೇರಿಯ ಕುಲುಮೆಗೆ ತಾವೇ ನಡೆದು ಬಂದರು. ಅವರ ಹೆಂಗಸರು ಹಿಂದೆ, ನಾನು ಎಲ್ಲರಿಗಿಂತ ಮುಂದೆ, ಇಂಥದ್ದನ್ನು ಹಿಂದೆ ನಿಂತು ನೋಡುವವಳು ನಾನಲ್ಲ.

ಆಚಾರಮ್ಮ ತಿದಿ ಒತ್ತುತ್ತಿದ್ದಳು. ಗಂಡ ಕಾದ ಕುಡುಗೋಲು ಬಡಿಯುತ್ತಿದ್ದ.

“ಬಾರವ್ವ, ಸೆರಗೊಡ್ಡು” ಅಂದರು ಗೌಡರು. “ಇವತ್ನಿಂದ ನೀನು ಈ ಊರ ಮಗ್ಳು. ಅಧ್ಯಕ್ಷರೂ ನೀನೇ.”

ಅವಳ ಅತ್ತೆ ಮುದುಕಿ ಆಗಲೇ ಕಣ್ಣೊರೆಸಿಕೊಳ್ಳುತ್ತಿತ್ತು. ಆಚಾರಮ್ಮ ಎದ್ದು ಮಸಿಯ ಕೈಯನ್ನು ಸೀರೆಗೆ ಒರೆಸಿಕೊಂಡಳು. ಸೆರಗು ಒಡ್ಡಲಿಲ್ಲ.

“ದೊಡ್ಡಯ್ಯ, ನಾನು ಈ ಊರ ಸೊಸೆ. ಸೊಸೆ ಆಗಿದ್ರೆ ಆಗಕಿಲ್ವಾ?”

“ಎಲೆ ಮೇಲೆ ಮಾತು ಆಗೋಗೈತಲ್ಲವ್ವ. ಅದ್ಕೇ ಈ ದಾರಿ.”

“ಇವತ್ತು ಮಡ್ಲು ತುಂಬಿ ಊರೋಳು ಅಂತೀರಿ. ನಾಳೆ ನನ್ ಮ್ಯಾಲೆ ಸಿಟ್ ಬಂದು, ಅಕ್ಕಿ ವಾಪಸ್ ಸುರಿ ಅಂದ್ರೆ ನಾನೆಲ್ಲಿಗೋಗ್ಲಿ? ನಮ್ಮಪ್ಪಂಗೂ ಇಂಗೇ ಆಗಿದ್ದು. ಕೊಟ್ಟೋರೇ ಕಿತ್ಕಂಡ್ರು.” ಅವಳ ಕಣ್ಣು ಗೌಡರ ಮೇಲಿಂದ ಆಚೀಚೆ ಹೋಗಲಿಲ್ಲ. “ನಂಗೆ ಕೊಡಬ್ಯಾಡಿ ದೊಡ್ಡಯ್ಯ. ನಂದು ಅಂತ ಒಪ್ಕಳಿ, ಅಷ್ಟೇ ಸಾಕು.”

ಅತ್ತೆ ಹಣೆ ಚಚ್ಚಿಕೊಂಡಿತು, ಮನೆ ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಒದೆಯುತ್ತಾಳೆ ಮೂದೇವಿ ಎಂದು. ಗೌಡರು ಮೊರ ಹಿಡಿದವನ ಮುಖ ನೋಡಿದರು, ಮೊರ ಹಿಡಿದವನು ಮೇಷ್ಟ್ರ ಮುಖ ನೋಡಿದ, ಮೇಷ್ಟ್ರು ಕುಲುಮೆಯ ಬೆಂಕಿ ನೋಡಿದರು. ಆಗ ಹಿಂದಿನಿಂದ ನಾಗಮಂಗಲದ ಸೊಸೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಯಲ್ಲಿ ಈಗಲೂ ಇದೆ.

“ಮಾವ, ನಂಗೂ ಅದೇ.”

ಅಷ್ಟೇ ಅಂದದ್ದು. ಗೌಡರು ತಿರುಗಿ ಸೊಸೆಯನ್ನು ನೋಡಿದರು. ಮನೆಗೆ ಬಂದು ಎಷ್ಟೋ ವರ್ಷವಾದ ಹುಡುಗಿಯ ದನಿಯನ್ನು ಅವರು ಬಹುಶಃ ಆ ದಿನವೇ ಮೊದಲು ಕೇಳಿದ್ದು. ಆಮೇಲೆ, ಆಡಿದ ಮಾತು ತೆಗೆಯಲು ಬರುವುದಿಲ್ಲವಲ್ಲ ತಾಯಿ ಎಂದು ಆಚಾರಮ್ಮನಿಗೆ ಹೇಳಿದರು. ಆ ದನಿಯಲ್ಲಿ ಗೌಡಿಕೆ ಇರಲಿಲ್ಲ, ದಾರಿ ಕೇಳುವವರ ದನಿಯಿತ್ತು. ತೆಗೆಯುವುದು ಬೇಡ, ಅದರ ಪಕ್ಕದಲ್ಲಿ ಇನ್ನೊಂದು ಮಾತು ಇಡಿ, ತಟ್ಟೆ ನಾನು ತರುತ್ತೇನೆ ಅಂದಳು ಅವಳು.

ಹೆಂಗಸೊಬ್ಬಳು ಅರಳಿಕಟ್ಟೆಗೆ ಎಲೆ ಅಡಿಕೆ ತಟ್ಟೆ ತಂದದ್ದನ್ನು ನಮ್ಮೂರು ಅದಕ್ಕೆ ಮೊದಲು ನೋಡಿರಲಿಲ್ಲ. ಅವಳು ಕಟ್ಟೆ ಹತ್ತಿದಳು, ನಾವು ಮೂವರೂ ಹಿಂದೆ ಹತ್ತಿದೆವು. ನಮ್ಮ ಯಜಮಾನರು ನನ್ನನ್ನು ನೋಡದವರ ಹಾಗೆ ಅರಳಿಮರ ನೋಡುತ್ತಿದ್ದರು. ಅವಳಿಗೆ ಎಲೆ ಜೋಡಿಸಲು ಬರುತ್ತಿರಲಿಲ್ಲ, ತುದಿಗಳನ್ನೆಲ್ಲ ಉಲ್ಟಾ ಇಟ್ಟಿದ್ದಳು. ಗೌಡರು ಏನೂ ಹೇಳದೆ, ಯಾರಿಗೂ ಕಾಣದ ಹಾಗೆ ಒಂದೊಂದೇ ಎಲೆ ತಿರುಗಿಸಿ ಸರಿಮಾಡಿದರು. ಆಮೇಲೆ ಹೇಳಿದರು.

“ಈ ಊರಲ್ಲಿ ಉಟ್ಟಿದೋರು ಆಗ್ಬೋದು. ಈ ಊರಿಗೆ ಬಂದು ಬಾಳ್ತಿರೋರೂ ಆಗ್ಬೋದು. ಇಬ್ರೂ ಒಂದೇ.”

ಆ ಸಲ ತಟ್ಟೆ ನಮ್ಮ ಹತ್ತಿರವೂ ಬಂತು. ನಾನು ಎರಡು ಎಲೆ ತೆಗೆದುಕೊಂಡೆ.

ಹೀಗೆ ಅವಳು ಬೇಡವೆಂದ ಅಕ್ಕಿಯ ಜೊತೆ ಕೈಗೆ ಬಂದಿದ್ದ ಕುರ್ಚಿಯೂ ಹೋಯಿತು. ಗೌಡರ ಸೊಸೆಗೂ ದಾರಿ ತೆರೆದ ಮೇಲೆ ಗೌಡರ ಕಡೆಯವರು ಸುಮ್ಮನಿರುತ್ತಾರೆಯೇ, ಅವಳನ್ನೇ ಮತ್ತೆ ನಿಲ್ಲಿಸಿದರು. ಅಧಿಕಾರಿ ಬಂದರು, ಕೈ ಎತ್ತಿಸಿದರು. ಎರಡೂ ಕಡೆ ಸಮವಾಗಿ ಬರುವ ಹಾಗಿತ್ತು. ಆಚಾರಮ್ಮನಿಗೆ ಯಾರು ಯಾರು ಎಂದಾಗ ನನ್ನ ಕೈಯ ಪಕ್ಕದಲ್ಲಿ ಬಳೆ ತುಂಬಿದ ಇನ್ನೊಂದು ಕೈ ಎದ್ದಿತು. ನಾಗಮಂಗಲದ ಸೊಸೆ, ತನ್ನ ಎದುರಾಳಿಗೇ ಕೈ ಎತ್ತಿದ್ದಳು. ಆ ಕೈಯಿಂದಲೇ ಆಚಾರಮ್ಮ ಗೆದ್ದಳು. ಆಮೇಲೆ ಮನೆಯಲ್ಲಿ ವಿಚಾರಣೆಯಾಯಿತಂತೆ. ಊರಿಗೆ ಒಳ್ಳೆಯದು ಮಾಡುವವರಿಗೆ ಕೈ ಎತ್ತಬೇಕೆಂದು ಮಾವನೇ ಹೇಳಿದ್ದರಲ್ಲ, ಎತ್ತಿದೆ ಅಂದಳಂತೆ. ಗೌಡರು ಮೀಸೆಯೊಳಗೇ ನಕ್ಕರೆಂದು ಆಳು ಹೇಳಿದ.

ಅಧ್ಯಕ್ಷೆಯಾಗಿ ಆಚಾರಮ್ಮ ಹೇಗಿದ್ದಳೆಂದು ಹೇಳಲು ಒಂದು ಸಂಗತಿ ಸಾಕು. ಆಗ ಸುತ್ತಮುತ್ತಲ ಊರುಗಳಲ್ಲಿ ಹೆಂಡತಿ ಅಧ್ಯಕ್ಷೆಯಾದರೆ ಕುರ್ಚಿಯಲ್ಲಿ ಕೂರುತ್ತಿದ್ದದ್ದು ಗಂಡ. ಒಂದು ಮಧ್ಯಾಹ್ನ ಆಚಾರಿ ಊಟಕ್ಕೆ ಕರೆಯಲು ಪಂಚಾಯ್ತಿ ಆಫೀಸಿಗೆ ಬಂದವನು ಸುಸ್ತಾಗಿ ಆ ಕುರ್ಚಿಯಲ್ಲೇ ಕೂತುಬಿಟ್ಟ. ಅವಳು ಬಾಗಿಲಲ್ಲಿ ನಿಂತು, “ಏಳಪ್ಪ ಮ್ಯಾಲಕ್ಕೆ. ಅದ್ರಲ್ಲಿ ಕೂತ್ಕಬೇಕು ಅಂದ್ರೆ ಮುಂದಿನ್ ಸಲ ಎಂಗ್ಸಾಗಿ ಉಟ್ಟು” ಅಂದಳು. ಆಚಾರಿ ಇದನ್ನು ಸಾಯುವವರೆಗೂ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ. ಒಳ್ಳೆಯ ಗಂಡಸು.

ಮೇಲ್ಗೇರಿಗೆ ನಲ್ಲಿ ಬಂತು. ಅಷ್ಟಕ್ಕೇ ಬಿಟ್ಟಿದ್ದರೆ ಅವಳನ್ನು ಹೊತ್ತುಕೊಂಡು ತಿರುಗುತ್ತಿದ್ದರು. ಆದರೆ ಅವಳು ತಿಪ್ಪೆಗೆ ಕೈ ಹಾಕಿದಳು. ನಮ್ಮ ಕಡೆ ಮನೆ ಮುಂದೆ ರಸ್ತೆ ಪಕ್ಕದಲ್ಲಿ ತಿಪ್ಪೆಯಿರುವುದು ಮನೆತನದ ಮರ್ಯಾದೆ. ತಿಪ್ಪೆ ಎತ್ತರವಿದ್ದಷ್ಟೂ ದನ ಜಾಸ್ತಿ, ದನ ಜಾಸ್ತಿಯಿದ್ದಷ್ಟೂ ಗಂಡಿಗೆ ಹೆಣ್ಣು ಬೇಗ ಸಿಗುತ್ತದೆ. ನೊಣ, ಜ್ವರ, ಮಕ್ಕಳ ಹೊಟ್ಟೆನೋವು ಎಂದು ಹೇಳಿ ಅವಳು ಎಲ್ಲ ತಿಪ್ಪೆಗಳನ್ನೂ ಊರಾಚೆಗೆ ಹಾಕಿಸಿದಳು. ದೊಡ್ಡಮನೆಯ ತಿಪ್ಪೆಯೂ ಹೋಯಿತು, ನಮ್ಮದೂ ಹೋಯಿತು. ಸ್ನೇಹಿತೆಯ ತಿಪ್ಪೆ ಎಂದು ಒಂದು ಮಂಕರಿಯಷ್ಟು ರಿಯಾಯಿತಿ ತೋರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ದಿಲ್ಲಿಯಲ್ಲಿ ಅದೇ ಜಗಳ ಎದ್ದಿತು. ಬೇರೆ ದೇಶದಲ್ಲಿ ಹುಟ್ಟಿ ಇಲ್ಲಿಯ ಪ್ರಜೆಯಾದವರು ದೇಶದ ದೊಡ್ಡ ದೊಡ್ಡ ಕುರ್ಚಿಗಳಲ್ಲಿ ಕೂರಬಹುದೇ, ಬಾರದೇ? ಪೇಪರಿನಲ್ಲಿ ಅದೇ, ಟೀವಿಯಲ್ಲಿ ಅದೇ. ನಾನು ತವರಿಗೆ ಹೋದಾಗ ಪಾಂಡವಪುರದ ಬಸ್ಸಿನಲ್ಲಿ ಇಬ್ಬರು ಈ ವಿಷಯಕ್ಕೆ ಒಬ್ಬರ ಅಂಗಿ ಇನ್ನೊಬ್ಬರು ಹಿಡಿದಿದ್ದರು. ನಾನು ನಡುವೆ ಬಾಯಿ ಹಾಕಿ, ನಮ್ಮೂರಿನಲ್ಲಿ ಇದು ಎಂದೋ ತೀರ್ಮಾನವಾಗಿ ನಲ್ಲಿಯಲ್ಲಿ ನೀರೂ ಬರುತ್ತಿದೆ ಅಂದೆ. ಬಸ್ಸು ನಿಲ್ಲುವವರೆಗೂ ಅವರಿಗೆ ಎಲೆ ಅಡಿಕೆಯ ಕತೆ ಹೇಳಿದೆ. ಎದೆ ಎಷ್ಟು ಉಬ್ಬಿತ್ತೆಂದರೆ ಇಳಿಯುವಾಗ ಬಸ್ಸಿನ ಬಾಗಿಲು ಸಾಲದಾಯಿತು.

ಊರಲ್ಲಿ ಮೇಷ್ಟ್ರೂ ಬದಲಾಗಿದ್ದರು. ಅಮೇರಿಕಾದ ಕಾನೂನು ಅಮೇರಿಕಾದವರಿಗೆ ಎನ್ನುತ್ತಿದ್ದರು. ದಿಲ್ಲಿಯವರಿಗೆ ನೀನೇನು ಹೇಳುತ್ತೀಯಮ್ಮ ಎಂದು ಆಚಾರಮ್ಮನನ್ನು ಕೇಳಿದರೆ ಅವಳು, ಯಾರಾದರೂ ಅವರಿಗೂ ಒಂದು ತಟ್ಟೆ ಎಲೆ ಅಡಿಕೆ ಕಳಿಸಿ ಅಂದಳು.

ಅದಾದ ಸ್ವಲ್ಪ ಕಾಲಕ್ಕೇ ಪಂಚಾಯ್ತಿಗೆ ಮತ್ತೆ ಚುನಾವಣೆ ಬಂತು. ನಾನು ಸಾಕೆಂದು ಮನೆಯಲ್ಲೇ ಉಳಿದೆ. ಅವಳು ಮತ್ತೆ ನಿಂತಳು. ನನಗೆ ಒಳಗೊಳಗೇ ಭಯ. ದೇಶವೇ ಹುಟ್ಟಿದ ಜಾಗದ ಬಗ್ಗೆ ಕಿತ್ತಾಡುತ್ತಿರುವಾಗ, ಅವಳ ಮೇಲೆ ಸಿಟ್ಟಿದ್ದ ಜನಕ್ಕೆ ಆ ಹಳೆಯ ಕಲ್ಲು ಎತ್ತಿಕೊಳ್ಳುವುದು ಎಷ್ಟು ಹೊತ್ತಿನ ಕೆಲಸ?

ಅವಳು ಸೋತಳು. ಚೆನ್ನಾಗಿಯೇ ಸೋತಳು. ಕೆ.ಆರ್. ಪೇಟೆಯಲ್ಲಿ ಎಣಿಕೆ ಮುಗಿದು ಸುದ್ದಿ ಬಂದ ಮೇಲೆ, ಸಮಾಧಾನ ಹೇಳಲು ಏನೇನು ಮಾತು ಬೇಕೋ ಎಲ್ಲ ಜೋಡಿಸಿಕೊಂಡು ನಾನು ಮೇಲ್ಗೇರಿ ಹತ್ತಿದೆ. ಅವಳು ಕುಲುಮೆಯ ಮುಂದೆ ಕೂತು, ಬಂದವರಿಗೆಲ್ಲ ಟೀ ಮಾಡಿ ಕೊಡುತ್ತಿದ್ದಳು. ಹಾಲಿಲ್ಲದ ಅವಳ ಸಿಲೋನಿನ ಟೀ. ಮುಖ ನೋಡಿದರೆ ಗೆದ್ದವರ ಮನೆಗೆ ಬಂದೆನೇನೋ ಅನ್ನಿಸಿತು. ಇವಳಿಗೆ ಸುದ್ದಿ ಸರಿಯಾಗಿ ಮುಟ್ಟಿಲ್ಲವೆಂದುಕೊಂಡೆ.

“ಸೋತೋದಲ್ಲೇ” ಅಂದೆ.

“ಊಂ ಕಣಕ್ಕಯ್ಯ. ತಿಪ್ಪೆ ಎತ್ಸಿದ್ಕೆ ಸೋಲ್ಸುದ್ರು.” ಲೋಟ ನನ್ನ ಕೈಗಿಟ್ಟು ಪಕ್ಕದಲ್ಲಿ ಕೂತಳು. “ಪ್ರಚಾರದಲ್ಲಿ ಏನೇನ್ ಬೈದ್ರು ಕೇಳಿಸ್ಕಂಡಾ? ಬಾಯ್ ಜೋರು ಅಂದ್ರು. ಗಂಡುಂಗೆ ಮರ್ವಾದೆ ಕೊಡಕಿಲ್ಲ ಅಂದ್ರು. ತಿಪ್ಪೆ ಕಳ್ಳಿ ಅಂದ್ರು.” ಅವಳ ಕಣ್ಣು ತುಂಬಿಕೊಂಡಿತ್ತು, ಬಾಯಿ ನಗುತ್ತಿತ್ತು. “ಒಬ್ರೂ ಸಿಲೋನಿನೋಳು ಅನ್ನನಿಲ್ಲ ಅಕ್ಕಯ್ಯ. ಒಬ್ರೇ ಒಬ್ರೂ ಅನ್ನನಿಲ್ಲ.”

ಹೇಳಲು ಜೋಡಿಸಿಕೊಂಡು ಬಂದ ಮಾತು ಒಂದೂ ಬೇಕಾಗಲಿಲ್ಲ. ಆ ಕಹಿ ಟೀಯನ್ನು ಪೂರ್ತಿ ಕುಡಿದೆ.

ಅಷ್ಟರಲ್ಲಿ ಕೆಳಗಿನಿಂದ ಬಂದ ಯಾರೋ, ಗೆದ್ದವನು ಆಗಲೇ ಮನೆ ಮುಂದೆ ರಸ್ತೆಗೆ ಒಂದು ಮಂಕರಿ ಸಗಣಿ ಸುರಿಸಿದ್ದಾನೆ ಅಂದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು, ಬೈದು ಬರುತ್ತೇನೆ ಇರು ಎಂದು ಹೇಳಿ ಇಳಿದು ಹೋದಳು.